ಮೂರು ದಿನದ ಶರ್ಟು

ಬಿಸಿಲಲ್ಲಿ ಊರೂರು ಸುತ್ತೋ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನ ಹತ್ತಿರ ಬಂದು, ಟೂರಿಗೆ ಎಂಥ ಬಟ್ಟೆ ಹಾಕ್ಕೊಳ್ಳೋದು ಸಾರ್ ಅಂತ ಕೇಳಿದರೆ ನಾನು ಉಣ್ಣೆ ಶರ್ಟು ಅಂತೀನಿ. ಅವರು ಒಂದು ಗಳಿಗೆ ನನ್ನ ಮುಖ ನೋಡ್ತಾರೆ. ಸೇಲಂ ಬಿಸಿಲು ಈ ಮನುಷ್ಯನ ತಲೆಗೇ ಏರಿದೆ ಅಂತ ಅವರಿಗೆ ಖಾತ್ರಿಯಾಗುತ್ತೆ. ನಾನು ಹುಟ್ಟಿದ್ದು ಸೇಲಮ್ಮಲ್ಲೇ, ಕನ್ನಡ ಮಾತಾಡೋ ಮಗ್ಗದ ಮನೆಯಲ್ಲಿ. ಅಪ್ಪ, ತಾತ, ಎಲ್ಲರೂ ಹತ್ತಿ ನೂಲನ್ನೇ ನಂಬಿ ಬದುಕಿದವರು. ಈ ಮಾತು ನನ್ನ ಬಾಯಲ್ಲಿ ಬಂದದ್ದನ್ನ ನಮ್ಮಮ್ಮ ಕೇಳಿಸಿಕೊಂಡಿದ್ದರೆ ಎರಡು ದಿನ ನನಗೆ ಅನ್ನ ಹಾಕ್ತಿರಲಿಲ್ಲ.

ಈ ಬುದ್ಧಿ ನನಗೆ ಬಂದದ್ದು ಒಬ್ಬರ ದೆಸೆಯಿಂದ. ಅವರು ಹೋದ ತಿಂಗಳು ತೀರಿಕೊಂಡರು. ಹೆಸರು ಬರೆಯಲ್ಲ. ತಮ್ಮ ವಿಷಯ ಯಾರಾದರೂ ಎತ್ತಿದರೆ ಎದ್ದು ಆಚೆ ಹೋಗ್ತಿದ್ದ ಜೀವ ಅದು. ಆಫೀಸಲ್ಲಿ ನನಗಿಂತ ಹದಿನಾಲ್ಕು ವರ್ಷ ದೊಡ್ಡವರು, ನಾನು ಅಣ್ಣಾ ಅಂತ ಕರೀತಿದ್ದೆ. ಇಲ್ಲೂ ಅಣ್ಣ ಅಂತಲೇ ಇರಲಿ.

ನಮ್ಮದು ಬಾವಿಗಳ ನೀರಿನ ಮಟ್ಟ ಅಳೆಯೋ ಕೆಲಸ. ತಿಂಗಳಿಗೆ ಒಂದು ಸಲ ನಾಲ್ಕು ದಿನದ ಟೂರು. ಸೇಲಮ್ಮಿಂದ ಜೀಪಲ್ಲಿ ಹೊರಟು, ಮೆಟ್ಟೂರು ಕಡೆಯ ಬಾವಿಗಳನ್ನ ಮುಗಿಸಿಕೊಂಡು, ಪೆನ್ನಾಗರಂ ಸುತ್ತಿ, ನಾಲ್ಕನೇ ದಿನ ತೊಪ್ಪೂರು ಘಾಟಿ ಇಳಿದು ವಾಪಸ್ಸು. ಉಕ್ಕಿನ ಟೇಪಿನ ತುದಿಗೆ ಸೀಮೆಸುಣ್ಣ ಉಜ್ಜಿ ಬಾವಿಗೆ ಇಳಿಸೋದು, ಎಲ್ಲಿವರೆಗೆ ನೆನೆದಿದೆ ಅಂತ ನೋಡಿ ಬರೆದುಕೊಳ್ಳೋದು. ಕೆಲಸ ಅಷ್ಟೇ. ಆದರೆ ಬೇಸಿಗೆಯಲ್ಲಿ ಬಾವಿ ಕಟ್ಟೆ ಮೇಲೆ ನಿಂತರೆ ಕೆಳಗಿಂದ ಕಲ್ಲು ಸುಡುತ್ತೆ, ಮೇಲಿಂದ ಬಿಸಿಲು ಸುಡುತ್ತೆ, ನಡುವೆ ನಾವು ಬೇಯ್ತೀವಿ.

ಅಣ್ಣನಿಗೆ ಕನ್ನಡ ಬರುತ್ತೆ ಅಂತ ಎರಡು ವರ್ಷ ನನಗೆ ಗೊತ್ತೇ ಇರಲಿಲ್ಲ. ಆಫೀಸಲ್ಲಿ ಅವರದ್ದು ಓದಿದವರ ತಮಿಳು, ರೇಡಿಯೋದವರ ಹಾಗೆ. ನಾನು ಮನೆಗೆ ಫೋನ್ ಮಾಡಿ ಕನ್ನಡದಲ್ಲಿ ಜಗಳ ಆಡುವಾಗ ಪಕ್ಕದಲ್ಲೇ ಕೂತು ಪೇಪರ್ ಓದ್ತಿದ್ದರು, ಒಂದು ಹುಬ್ಬೂ ಅಲ್ಲಾಡ್ತಿರಲಿಲ್ಲ. ಒಂದು ದಿನ ಏರಿಯೂರು ಕಡೆ ಒಂದು ಬಾವಿಗೆ ಟೇಪು ಇಳಿಸ್ತಾ ಇದ್ದಾಗ, ಬಾಯೊಳಗೇ ಅಡಿ ಎಣಿಸೋದು ಕೇಳಿಸಿತು. ಮೂವತ್ತೊಂದು, ಮೂವತ್ತೆರಡು, ಮೂವತ್ಮೂರು. ನಾನು ಸುಮ್ಮನಿರದೆ, ಅಣ್ಣಾ ಸಿಕ್ಕಿಬಿದ್ರಿ ಅಂದೆ. ಅವರು ಟೇಪು ಪೂರ್ತಿ ಮೇಲೆತ್ತಿ, ಬಟ್ಟೆಯಲ್ಲಿ ಒರೆಸಿ, ಸುತ್ತಿಟ್ಟು, ಆಮೇಲೆ ಮೆಲ್ಲಗೆ, 'ಯಾರ್ಗೂ ಯೋಳ್ಬೇಡ' ಅಂದರು. ಕನ್ನಡ ಗೊತ್ತಿರೋದು ಏನು ಕಳ್ಳತನವೇ, ಅದನ್ನ ಯಾಕೆ ಬಚ್ಚಿಡಬೇಕು ಅಂತ ನನಗೆ ಆವತ್ತು ಅರ್ಥವಾಗಲಿಲ್ಲ. ಆದರೆ ಅಲ್ಲಿಂದಾಚೆಗೆ ನಾವಿಬ್ಬರೇ ಇದ್ದಾಗ ಕನ್ನಡ, ಮೂರನೆಯವರು ಬಂದರೆ ತಮಿಳು ಅಂತ ಆಯಿತು.

ಇನ್ನು ಅವರ ಶರ್ಟುಗಳು. ಅಣ್ಣ ಟೂರಿಗೆ ಬರೋವಾಗ ಬಟ್ಟೆ ಚೀಲ ಬೇರೆ, ಶರ್ಟಿನ ಚೀಲ ಬೇರೆ. ನಾಲ್ಕು ದಿನಕ್ಕೆ ಒಂಬತ್ತು ಶರ್ಟು, ಎಲ್ಲ ಬಿಳಿ ಕಾಟನ್ನು, ಇಸ್ತ್ರಿ ಮಾಡಿದ್ದು. ಜೊತೆಗೆ ಪೌಡರ್ ಡಬ್ಬಿ, ಒಂದು ಸಣ್ಣ ಸೋಪು. ಮಧ್ಯಾಹ್ನ ಯಾವುದಾದರೂ ತೋಟದ ಪಂಪ್‌ಸೆಟ್ ಸಿಕ್ಕಿದರೆ ಸಾಕು, ಜೀಪಿನ ಹಿಂದೆ ಹೋಗಿ ಮೈ ತೊಳೆದು, ಪೌಡರ್ ಬಳಿದು, ಹೊಸ ಶರ್ಟು ಹಾಕಿಕೊಂಡು ಬರ್ತಿದ್ದರು. ನಾನೂ ಡ್ರೈವರೂ ಅವರಿಗೆ ಮದುವೆ ಗಂಡು ಅಂತ ಹೆಸರಿಟ್ಟಿದ್ದೆವು. ಕಾಟನ್ನು ಬೆವರು ಕುಡಿದು ಮೈಗೆ ಅಂಟಿಕೊಂಡು, ಒಣಗಿದ ಮೇಲೆ ಬೆನ್ನಲ್ಲಿ ಉಪ್ಪಿನ ಗೆರೆ ಬಿಡುತ್ತಲ್ಲ, ಆ ಗೆರೆ ಕಂಡರೆ ಅವರಿಗೆ ಸಹಿಸೋಕೆ ಆಗ್ತಿರಲಿಲ್ಲ.

ಅವರಲ್ಲಿ ಒಂದು ಅಭ್ಯಾಸ ಇತ್ತು. ಮಾತಾಡ್ತಾ ಆಡ್ತಾ ತಟಕ್ಕನೆ ತಲೆ ಓರೆ ಮಾಡಿ ತಮ್ಮ ಭುಜವನ್ನೇ ಮೂಸಿ ನೋಡ್ಕೊಳ್ಳೋರು. ಗುಬ್ಬಿ ರೆಕ್ಕೆ ಕುಕ್ಕಿಕೊಳ್ಳೋ ಹಾಗೆ, ಕಣ್ಣು ಮುಚ್ಚಿ ತೆಗೆಯೋದರಲ್ಲಿ ಮುಗಿದುಹೋಗ್ತಿತ್ತು. ಬಸ್ಸಲ್ಲಿ ಸೀಟು ಖಾಲಿ ಇದ್ದರೂ ಬಾಗಿಲ ಹತ್ತಿರ ಗಾಳಿಗೆ ನಿಲ್ಲೋರು. ಮೇಲಿನ ಕಂಬಿ ಹಿಡೀತಿರಲಿಲ್ಲ, ಕೈ ಎತ್ತಬೇಕಲ್ಲ, ಅದಕ್ಕೆ. ಬೇಸಿಗೆಯ ಮದುವೆಗಳಿಗೆ ಹೋಗಿ ಮುಯ್ಯಿ ಕೊಟ್ಟು, ಊಟಕ್ಕೆ ಕೂರದೆ ಬರೋರು. ಜನ ಅವರನ್ನ ಜಂಬದ ಮನುಷ್ಯ ಅಂತಿದ್ದರು. ನಾನೂ ಒಂದು ಕಾಲಕ್ಕೆ ಹಾಗೇ ಅಂದುಕೊಂಡಿದ್ದೆ, ಸುಳ್ಳು ಯಾಕೆ ಹೇಳಲಿ.

ಕಾರಣ ಅವರು ಹೇಳಿದ್ದು ಒಂದೇ ಒಂದು ಸಲ. ಅವರ ಮನೆಯವರು ಪೆನ್ನಾಗರಂ ಹತ್ತಿರದ ಹಳ್ಳಿಯ ಕುರಿ ಕಾಯೋರು. ಕರಿಕುರಿ, ಉಣ್ಣೆ ಕತ್ತರಿಸಿ ಕಂಬಳಿ ನೇಯೋರು. ಅಣ್ಣ ಮೆಟ್ಟೂರಲ್ಲಿ ಸ್ಕೂಲಿಗೆ ಸೇರಿದ ವರ್ಷ, ಒಂದು ಮಳೆಯ ದಿನ ಕಂಬಳಿಯನ್ನ ಕೊಪ್ಪೆ ಮಾಡಿ ತಲೆ ಮೇಲೆ ಹಾಕಿಕೊಂಡು ಕ್ಲಾಸಿಗೆ ಹೋಗಿದ್ದಾರೆ. ಉಣ್ಣೆ ನೆನೆದರೆ ಕುರಿ ವಾಸನೆ ಎದ್ದೇ ಏಳುತ್ತೆ. ಹುಡುಗರೆಲ್ಲ ಮೂಗು ಮುಚ್ಚಿಕೊಂಡರಂತೆ. ಮೇಷ್ಟ್ರು ಕಂಬಳಿ ಆಚೆ ಹಾಕಿ ಬಾ ಅಂದರಂತೆ. ಹಾಕಿ ಬಂದ ಮೇಲೂ ವಾಸನೆ ಹೋಗಲಿಲ್ಲ. ಆಮೇಲೆ, ನೀನೂ ಆಚೆಗೇ ಕೂತ್ಕೋ, ಕಿಟಕಿಯಿಂದ ಕೇಳಿಸುತ್ತೆ ಅಂದರಂತೆ.

'ಕೇಳಿಸ್ತಿತ್ತಾ ಅಣ್ಣಾ?' ಅಂದೆ ನಾನು.

'ಪಾಠ ಕೇಳಿಸ್ತಿತ್ತು. ನಗೋದೂ ಕೇಳಿಸ್ತಿತ್ತು' ಅಂದರು.

ಆ ಮಳೆಗಾಲವೆಲ್ಲ ಕಿಟಕಿಯ ಆಚೆಗೇ ಕೂತು ಓದಿದರಂತೆ. ಕ್ಲಾಸಿಗೆ ಮೊದಲಿಗರಾದರು, ಅದು ಬೇರೆ ಮಾತು. ಕಂಬಳಿ ಹೊದೆಯೋದು ಅಲ್ಲಿಗೆ ನಿಂತಿತು. ಕನ್ನಡ ಮಾತಾಡೋದೂ ನಿಂತಿತು, ಯಾಕೆಂದರೆ ಆ ಕ್ಲಾಸಲ್ಲಿ ಕನ್ನಡದ ಹುಡುಗ ಅಂದರೆ ಕುರಿ ಕಾಯೋ ಹುಡುಗ. ಇದನ್ನ ಹೇಳುವಾಗ ಅಣ್ಣನ ದನಿಯಲ್ಲಿ ಸಿಟ್ಟಿರಲಿಲ್ಲ. ನೀರಿನ ಮಟ್ಟ ಓದೋ ಹಾಗೆ ಓದಿ ಹೇಳಿದರು. ಸಿಟ್ಟು ಬಂದದ್ದು ನನಗೆ.

ಆ ಹಳ್ಳಿಯಲ್ಲಿ ಅವರ ಅಕ್ಕ ಇದ್ದರು. ಹನ್ನೆರಡು ವರ್ಷ ದೊಡ್ಡವರು. ಅಮ್ಮ ಬೇಗ ಹೋದದ್ದರಿಂದ ತಮ್ಮನನ್ನ ಸೊಂಟದ ಮೇಲೆ ಹೊತ್ತು ಬೆಳೆಸಿದವರು. ಗಂಡ ಕಂಬಳಿ ನೇಯ್ತಿದ್ದರು, ಈಗ ಇಲ್ಲ. ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆ. ಸುತ್ತಲಿನವರೆಲ್ಲ ಮಾಂಸಕ್ಕೆ ಆಗೋ ಕೆಂಪು ಕುರಿಗೆ ಬದಲಾದರೂ ಅಕ್ಕ ಮಾತ್ರ ಉಣ್ಣೆಯ ಕರಿಕುರಿ ಬಿಟ್ಟಿರಲಿಲ್ಲ ಅಂತ ಕೇಳಿದ್ದೆ. ಕೇಳಿದ್ದಷ್ಟೇ, ನಾವು ಹೋದಾಗ ಒಂದು ಕುರಿಯೂ ಕಣ್ಣಿಗೆ ಬಿದ್ದಿರಲಿಲ್ಲ. ಹೊಲಕ್ಕೆ ಹೋಗಿರುತ್ತೆ ಅಂತ ನಾನೂ ತಲೆ ಕೆಡಿಸಿಕೊಂಡಿರಲಿಲ್ಲ.

ಅವರ ಕನ್ನಡದ ಗುಟ್ಟು ನನಗೆ ತಿಳಿದ ಮೇಲೆ ಪ್ರತಿ ಟೂರಿನ ಮೂರನೇ ದಿನ ಮಧ್ಯಾಹ್ನ ಆ ಮನೆ ಮುಂದೆ ಜೀಪು ನಿಲ್ತಿತ್ತು. ಸಾರಿಸಿದ ಅಂಗಳ, ತೊಳೆದ ಜಗುಲಿ. ಅಣ್ಣ ಜಗುಲಿ ಮೇಲೆ ಕೂರೋರು, ಹೊಸಿಲು ದಾಟ್ತಿರಲಿಲ್ಲ. ಅಕ್ಕ ಇಬ್ಬರಿಗೂ ಮಜ್ಜಿಗೆ ಕೊಟ್ಟು, ತಮ್ಮನ ಪಕ್ಕದಲ್ಲಿ ಸ್ವಲ್ಪ ದೂರ ಬಿಟ್ಟು ಕೂರೋರು. ಇಪ್ಪತ್ತು ನಿಮಿಷ ಆದ ಮೇಲೆ ಅಣ್ಣ ಗಡಿಯಾರ ನೋಡೋರು. ಆಗ ಅಕ್ಕ ಕೇಳೋರು, ಇವತ್ತೊಂದಿನ ಇದ್ದು ಓಗ್ಲಾ ತಮ್ಮಾ, ರಾಗಿ ಮುದ್ದೆ ಮಾಡ್ತೀನಿ ಅಂತ. ಅಣ್ಣ ಪ್ರತಿ ಸಲ ಒಂದೇ ಉತ್ತರ ಕೊಡೋರು, ನಾಳೆಗೆ ಶರ್ಟು ತಂದಿಲ್ಲ ಅಕ್ಕಾ ಅಂತ. ನಾಲ್ಕು ಶರ್ಟು ಜೀಪಲ್ಲಿ ಕಾಣೋ ಹಾಗೇ ಇರ್ತಿದ್ದವು. ಅಲ್ಲಿಂದ ಎರಡು ಮೈಲಿ ಬಂದು ಪೆನ್ನಾಗರಂ ಲಾಡ್ಜಲ್ಲಿ ನಾವು ರೂಮು ಹಿಡೀತಿದ್ದೆವು.

ಒಂದು ಸಲ ಲಾಡ್ಜಿನ ಮೆಟ್ಟಿಲಲ್ಲೇ ನಾನು ತಡೆಯಲಾರದೆ ಅಂದುಬಿಟ್ಟೆ. ಅಣ್ಣಾ, ಆ ಹೆಣ್ಣುಮಗಳು ನಿಮ್ಮನ್ನ ಹೆತ್ತಿಲ್ಲ ಅನ್ನೋದೊಂದೇ, ಮಿಕ್ಕಿದ್ದೆಲ್ಲ ಮಾಡಿದ್ದಾಳೆ. ಒಂದು ರಾತ್ರಿ ಇದ್ದರೆ ನಿಮ್ಮ ಗಂಟೇನು ಹೋಗುತ್ತೆ? ಅವರು ಕೀ ತಿರುಗಿಸಿ ಒಳಗೆ ಹೋಗಿ ಸ್ನಾನಕ್ಕೆ ನೀರು ಬಿಟ್ಟುಕೊಂಡರು. ಆ ಮನೆಯಲ್ಲಿ ಒಂದು ರಾತ್ರಿ ಮಲಗಿದರೆ ಮೈಗೆ, ಬಟ್ಟೆಗೆ, ಕೂದಲಿಗೆ ಆ ವಾಸನೆ ಹತ್ತುತ್ತೆ, ಮತ್ತೆ ಕಿಟಕಿಯ ಆಚೆ ಕೂರಬೇಕಾಗುತ್ತೆ ಅನ್ನೋ ಭಯ ಅದು. ರಿಟೈರಾಗೋಕೆ ಒಂದೇ ವರ್ಷ ಇದ್ದ ಮನುಷ್ಯನಿಗೆ ಯಾರಪ್ಪಾ ಆಚೆ ಕೂರು ಅಂತಾರೆ? ಆದರೆ ಭಯಕ್ಕೆ ಅದೆಲ್ಲ ತಿಳಿಯಲ್ಲ.

ಆ ವರ್ಷ ಚೆನ್ನೈಯಿಂದ ಒಬ್ಬರು ಆಫೀಸರ್ ಮೇಡಂ ಬಂದರು. ಒಂದು ಟೂರು ಪೂರ್ತಿ ನಮ್ಮ ಜೊತೆಗೇ ಜೀಪಲ್ಲಿ ಓಡಾಡಿದರು. ನಾಲ್ಕು ದಿನವೂ ಮೇಡಂ ಮೈಮೇಲೆ ಅದೇ ಬೂದಿ ಬಣ್ಣದ ಶರ್ಟು. ಮೂರನೇ ದಿನ ಬೆಳಿಗ್ಗೆ ಅಣ್ಣ ನನ್ನನ್ನ ಪಕ್ಕಕ್ಕೆ ಕರೆದು, ಗಮನಿಸಿದಿಯಾ, ವಾಸನೇನೇ ಇಲ್ಲ ಅಂದರು. ಮೂಗಿನ ವಿಷಯದಲ್ಲಿ ಅಣ್ಣನ ಮಾತಿಗೆ ಅಪೀಲಿಲ್ಲ. ಅದು ಎಂಥ ಬಟ್ಟೆ ಅಂತ ತಿಳಿಯಬೇಕು. ಆದರೆ ಕೇಳೋದು ಹೇಗೆ? ಮೇಡಂ, ಮೂರು ದಿನದಿಂದ ನೀವು ಶರ್ಟು ಬದಲಾಯಿಸಿಲ್ಲ, ಆದರೂ ನಾರ್ತಿಲ್ಲ ಅಂತ ಕೇಳೋದಾ? ಇಬ್ಬರು ಬೆಳೆದು ನಿಂತ ಗಂಡಸರು ಬಾವಿ ಕಟ್ಟೆ ಮೇಲೆ ಕೂತು ಅರ್ಧ ಗಂಟೆ ಇದನ್ನೇ ಚರ್ಚೆ ಮಾಡಿದೆವು. ಕೊನೆಗೆ ಕೇಳೋ ಕೆಲಸ ನನ್ನ ತಲೆಗೆ ಬಂತು.

ನಾನು ಏನೋ ತೊದಲಿದೆ. ಮೇಡಂ ಬಿಕ್ಕಳಿಕೆ ಬರೋವರೆಗೂ ನಕ್ಕರು. ಆಮೇಲೆ ಚೆನ್ನಾಗೇ ಬಿಡಿಸಿ ಹೇಳಿದರು. ಇದು ಮೆರಿನೋ ಅಂತ, ಒಂದು ಜಾತಿ ಕುರಿಯ ಉಣ್ಣೆ. ಸ್ವೆಟರಿನ ಉಣ್ಣೆ ಅಲ್ಲ, ಕೂದಲಿಗಿಂತ ಸಣ್ಣ ಎಳೆ. ಬೆವರನ್ನ ಒಳಗೆ ಎಳೆದುಕೊಂಡು ಗಾಳಿಗೆ ಬಿಡುತ್ತೆ, ಮೈಗೆ ಅಂಟಲ್ಲ, ವಾಸನೆ ಹಿಡಿಯಲ್ಲ. ತಗೊಳ್ಳೋವಾಗ ಎತ್ತಿ ಹಿಡಿದರೆ ಬೆಳಕು ಕಾಣೋಷ್ಟು ತೆಳುವಾದ್ದು ತಗೊಳ್ಳಿ, ಕಂಕುಳಲ್ಲಿ ಸಡಿಲ ಇರಲಿ, ನೈಲಾನು ಜಾಸ್ತಿ ಬೆರೆಸಿದ್ದು ಬೇಡ, ತಣ್ಣೀರಲ್ಲಿ ಅದ್ದಿ ಹಿಂಡದೆ ನೆರಳಲ್ಲಿ ಒಣಗಿಸಿ, ಅಂದರು. ನಾನು ತಲೆಯಾಡಿಸ್ತಿದ್ದೆ, ಆದರೆ ಕುರಿ ಅನ್ನೋ ಮಾತು ಕಿವಿಗೆ ಬಿದ್ದ ಮೇಲೆ ಮುಂದಿನದು ಅರ್ಧ ಕೇಳಿಸಲೇ ಇಲ್ಲ. ಜೀಪಿನ ಹತ್ತಿರ ಅಣ್ಣ ಕಾಯ್ತಾ ನಿಂತಿದ್ದರು. ಏನಂತೆ ಅಂದರು.

'ಯಾವುದೋ ಫಾರಿನ್ ನೂಲಂತೆ ಅಣ್ಣಾ' ಅಂದೆ.

ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ, ಬಾಯಿಗೆ ಬಂದುಬಿಟ್ಟಿತು. ಬಂದ ಮೇಲೆ ಅದನ್ನ ಸಾಕಬೇಕಲ್ಲ. ಟೂರು ಮುಗಿಸಿ ಬಂದ ಮೇಲೆ ಸೇಲಮ್ಮಿನ ಟೀ ಅಂಗಡಿಯಲ್ಲಿ ಕೂತು ಇಬ್ಬರೂ ನನ್ನ ಫೋನಲ್ಲಿ ಶರ್ಟು ಹುಡುಕಿದೆವು. ಹೆಣ್ಣು ನೋಡೋವಾಗಲೂ ಅಣ್ಣ ಅಷ್ಟು ವಿಚಾರಿಸಿರಲಾರರು. ಒಂದು ದಪ್ಪ, ಹಿಮದಲ್ಲಿ ನಡೆಯೋರಿಗೆ ಮಾಡಿದ್ದು. ಇನ್ನೊಂದರಲ್ಲಿ ಅರ್ಧ ನೈಲಾನು. ಮತ್ತೊಂದಕ್ಕೆ ಕಾಲರಿಲ್ಲ, ಆಫೀಸಿಗೆ ಬನಿಯನ್ ಹಾಕ್ಕೊಂಡು ಹೋಗ್ಲಾ ಅಂದರು. ನಾನು ಸ್ಕ್ರೀನಿನ ಮೇಲೆ ಕುರಿ ಚಿತ್ರ ಬಂದಾಗೆಲ್ಲ ಹೆಬ್ಬೆರಳು ಅಡ್ಡ ಇಟ್ಟು ಮೇಲೆ ತಳ್ತಿದ್ದೆ. ಕೊನೆಗೆ ಬೂದಿ ನೀಲಿ ಬಣ್ಣದ, ತೋಳು ಉದ್ದದ, ಕಾಲರಿನ, ಎಲ್ಲಕ್ಕಿಂತ ತೆಳುವಾದ ಒಂದನ್ನ ಆರಿಸಿದೆವು. ವಿಳಾಸ ನನ್ನ ಮನೆಯದು ಕೊಟ್ಟೆ. ಬಂದ ದಿನ ಕತ್ತರಿ ಹಿಡಿದು ಕತ್ತಿನ ಒಳಗಿನ ಲೇಬಲ್ ಕತ್ತರಿಸ್ತಾ ಕೂತಿದ್ದೆ. ನನ್ನ ಹೆಂಡತಿ ನೋಡಿ, ಇದೇನು, ಜೇಬು ಕತ್ತರಿಸೋರ ಮುಖ ಮಾಡ್ಕೊಂಡಿದ್ದೀರಿ ಅಂದಳು.

ಅಣ್ಣ ಶರ್ಟನ್ನ ಕೆನ್ನೆಗೆ ಒತ್ತಿ ನೋಡಿದರು, ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಅಂಚಿಗೆ ಒಂದು ಹನಿ ನೀರು ಹಾಕಿ ಮೂಸಿದರು. ಸ್ವಲ್ಪ ಹೊತ್ತು ಆ ಅಂಚನ್ನ ಮೂಗಿನ ಹತ್ತಿರವೇ ಇಟ್ಟುಕೊಂಡಿದ್ದರು. ಹೊಸ ಬಟ್ಟೆ ವಾಸನೆ ಅಣ್ಣಾ, ಒಂದು ಸಲ ತೊಳೆದರೆ ಹೋಗುತ್ತೆ ಅಂದೆ. ಇರಬಹುದು ಅಂದರು.

ಮುಂದಿನ ಟೂರಲ್ಲಿ ಅಣ್ಣ ಶರ್ಟಿನ ಚೀಲ ಮನೆಯಲ್ಲೇ ಬಿಟ್ಟು ಬಂದರು. ಮೇ ತಿಂಗಳು. ಕಾವೇರಿ ಕಡೆಯಿಂದ ಬರೋ ಗಾಳಿಯೂ ಒಲೆಯಿಂದ ಬಂದ ಹಾಗಿತ್ತು. ಮೊದಲನೇ ದಿನ ಪ್ರತಿ ಬಾವಿ ಮುಗಿದ ಮೇಲೂ ನನ್ನ ಕಡೆ ತಿರುಗಿ, ವಾಸ್ನೆ ಬರ್ತೈತಾ ಅಂತ ಕೇಳಿದರು. ಇಲ್ಲಣ್ಣ ಅಂದೆ. ನಿಜವಾಗಲೂ ಇರಲಿಲ್ಲ. ಎರಡನೇ ದಿನ ಎರಡು ಸಲ ಕೇಳಿದರು. ಆ ದಿನ ಜೀಪು ಕೆಟ್ಟು, ಡ್ರೈವರ್ ಅದನ್ನ ರಿಪೇರಿ ಮಾಡಿಸಿಕೊಂಡು ಬರೋಕೆ ಉಳಿದ, ನಾವಿಬ್ಬರು ಮೆಟ್ಟೂರಿಂದ ಬಸ್ಸಲ್ಲಿ ಬರಬೇಕಾಯಿತು. ಬಸ್ಸು ಕಿಕ್ಕಿರಿದಿತ್ತು. ಅಣ್ಣ ಒಳಗೆ ನುಗ್ಗಿ, ಜನರ ಮಧ್ಯೆ ನಿಂತು, ಕೈ ಮೇಲೆತ್ತಿ ಕಂಬಿ ಹಿಡಿದರು. ಎರಡೂ ಕೈ. ಅಷ್ಟು ವರ್ಷದಲ್ಲಿ ಅದನ್ನ ನಾನು ನೋಡಿದ್ದು ಅದೇ ಮೊದಲು, ಕಣ್ಣಲ್ಲಿ ನೀರು ಬಂತು ಅಂದರೆ ನೀವು ನಗಬಾರದು. ಮೂರನೇ ದಿನ ಅವರು ಕೇಳಲೇ ಇಲ್ಲ. ನಮ್ಮ ಮಗ್ಗದ ಕಾಟನ್ನು ಬೆನ್ನಿಗೆ ಅಂಟಿಸಿಕೊಂಡು ಬೇಯ್ತಿದ್ದವನು ನಾನು.

ಆವತ್ತು ಮಧ್ಯಾಹ್ನ ಅಕ್ಕನ ಮನೆ. ಮಜ್ಜಿಗೆ ಆಯಿತು. ಅಣ್ಣ ಒಳ್ಳೇ ಹುರುಪಲ್ಲಿ, ಈ ಶರ್ಟು ನೋಡಕ್ಕಾ, ಮೂರು ದಿನದಿಂದ ಇದೇ ಶರ್ಟು, ಇನ್ನೂ ಎರಡು ದಿನ ಬರ್ತೈತೆ ಅಂದರು. ಅಕ್ಕ, 'ಅಂಗಾರೆ ಇವತ್ತು ಇರ್ಬೋದಲ್ಲಾ?' ಅಂದರು.

ಅಣ್ಣ ಬಾಯಿ ತೆರೆದರು. ಶರ್ಟು ತಂದಿಲ್ಲ ಅನ್ನೋ ಹಾಗಿರಲಿಲ್ಲ, ಈಗ ತಾನೇ ಅವರೇ ಹೇಳಿಯಾಗಿತ್ತು. ನನ್ನ ಕಡೆ ನೋಡಿದರು, ಜೀಪಿನ ಕಡೆ ನೋಡಿದರು, ಹ್ಞೂಂ ಅನ್ನೋ ಹಾಗೆ ತಲೆ ಸ್ವಲ್ಪ ಬಾಗಿತು. ಅಕ್ಕನಿಗೆ ಎಷ್ಟು ಸಂತೋಷ ಆಯಿತು ಅಂದರೆ, ಕೈ ತಾನಾಗೇ ಹೋಗಿ ತಮ್ಮನ ಕಾಲರು ಸರಿ ಮಾಡಿತು. ಕಾಲರಲ್ಲೇ ಬೆರಳು ನಿಂತಿತು. ಅಂಚನ್ನ ಎರಡು ಬೆರಳಲ್ಲಿ ಹಿಡಿದು ಹೊಸೆದು ನೋಡಿದರು. ಜೀವಮಾನ ಪೂರ್ತಿ ಉಣ್ಣೆ ನೂತ ಬೆರಳು ಅವು.

'ಇದ್ಯಾವ ಕುರಿಲಾ? ನಮ್ ಸೀಮೆದಲ್ಲ' ಅಂದರು.

ಅಣ್ಣ ನನ್ನ ಕಡೆ ತಿರುಗಿದರು. ನಾನು ಇನ್ನೊಂದು ಸುಳ್ಳು ಹೇಳಬಹುದಿತ್ತು, ಬಾಯಿ ಬರಲಿಲ್ಲ. ಹೌದಣ್ಣಾ, ಉಣ್ಣೇನೇ ಅಂದೆ. ಅವರು ಎದ್ದು ಹೋಗಿ ಜೀಪಲ್ಲಿ ಕೂತರು. ಅಕ್ಕ ಮಜ್ಜಿಗೆ ಲೋಟ ಹಿಡಿದುಕೊಂಡು ಹಾಗೇ ನಿಂತಿದ್ದರು, ತಾನೇನು ತಪ್ಪು ಮಾಡಿದೆ ಅಂತ ಅವರಿಗೆ ಗೊತ್ತಿಲ್ಲ. ತಪ್ಪು ಮಾಡಿದವನು ನಾನು. ಅಷ್ಟು ವರ್ಷ ಕಾದಿದ್ದ ಒಂದು ರಾತ್ರಿ ಕೈಗೆ ಬಂದದ್ದನ್ನ ನನ್ನ ಜಾಣತನ ತಿಂದುಹಾಕಿತು.

ಲಾಡ್ಜಲ್ಲಿ ಅಣ್ಣ ಊಟ ಮಾಡಲಿಲ್ಲ. ಹಾಕಿಕೊಳ್ಳೋಕೆ ಬೇರೆ ಶರ್ಟು ಇಲ್ಲ, ನಾಲ್ಕನೇ ದಿನವೂ ಅದನ್ನೇ ಹಾಕಿಕೊಂಡು, ಜೀಪಿನ ಕಿಟಕಿಗೆ ಒರಗಿ ಕೂತರು. ತೊಪ್ಪೂರು ಘಾಟಿಯಲ್ಲಿ ಲಾರಿ ಸಾಲು ನಿಂತು ಒಂದು ಗಂಟೆ ತಡವಾಯಿತು. ಸೇಲಮ್ಮಲ್ಲಿ ಇಳಿಯೋವಾಗ, 'ಆ ಮೇಷ್ಟ್ರು ನನ್ನ ಮುಖಕ್ಕೇ ಯೋಳಿದ್ರು, ನೀನು ಅದೂ ಮಾಡಲಿಲ್ಲ' ಅಂದರು. ನನಗೆ ಯಾರ ಬೈಗುಳವೂ ಅಷ್ಟು ತಾಗಿಲ್ಲ.

ಜೂನಲ್ಲಿ ಮತ್ತೆ ಒಂಬತ್ತು ಬಿಳಿ ಶರ್ಟು ಬಂದವು. ನೀಲಿ ಶರ್ಟನ್ನ ತೊಳೆದು ಮಡಚಿ ಅಕ್ಕನ ಕೈಗೆ ಕೊಟ್ಟು, ಮೊಮ್ಮಕ್ಕಳಿಗೆ ಯಾರಿಗಾದರೂ ಆಗುತ್ತೆ ನೋಡು ಅಂದರು. ನನ್ನ ಜೊತೆ ಮಾತು ಬಾವಿಯ ಅಡಿ ಲೆಕ್ಕಕ್ಕೆ ಮಾತ್ರ, ಅದೂ ತಮಿಳಲ್ಲಿ. ಅದು ನನಗೆ ದೊಡ್ಡ ಶಿಕ್ಷೆ.

ಜುಲೈಯಲ್ಲಿ ಹೋದಾಗ ಅಕ್ಕ ಒಳಗಿಂದ ಆ ಶರ್ಟು ತಂದರು. ತಂದರು ಅನ್ನೋದಕ್ಕಿಂತ ಹೊತ್ತು ತಂದರು ಅನ್ನಬೇಕು. ಶರ್ಟು ಹಲಗೆ ಆಗಿತ್ತು. ತೋಳೆರಡೂ ಅಡ್ಡಕ್ಕೆ ಚಾಚಿ ನಿಂತಿದ್ದವು. ಜಗುಲಿಗೆ ಒರಗಿಸಿದರೆ ತಾನಾಗೇ ನಿಂತುಕೊಂಡಿತು. ಆಗಿದ್ದಿಷ್ಟು. ತಮ್ಮ ಆ ಶರ್ಟು ಬೇಡ ಅಂತ ಕೊಟ್ಟದ್ದು ಬಟ್ಟೆ ಮೆತ್ತಗಾಗಿದೆ ಅಂತ ಅಕ್ಕ ತಿಳಿದುಕೊಂಡಿದ್ದಾರೆ. ಉಣ್ಣೆ ಮೆತ್ತಗಾದರೆ ಅವರ ಮನೆಯಲ್ಲಿ ಏನು ಮಾಡ್ತಾರೋ ಅದನ್ನೇ ಮಾಡಿದ್ದಾರೆ. ಹುಣಸೆಬೀಜ ಹುರಿದು, ನೆನೆಸಿ, ಅರೆದು, ಗಂಜಿ ಕಾಯಿಸಿ, ಹೊಸ ಕಂಬಳಿಗೆ ಹಚ್ಚೋ ಹಾಗೆ ಎರಡು ಸಲ ಹಚ್ಚಿ ಒಣಗಿಸಿದ್ದಾರೆ. ಇನ್ನು ಮಳೆ ನೀರು ಇಳಿಯಲ್ಲ, ಮೂರು ವರ್ಷಕ್ಕೆ ಯೋಚನೆ ಇಲ್ಲ ಅಂತ ತಮ್ಮನಿಗೆ ಅಭಯ ಬೇರೆ ಕೊಟ್ಟರು.

ಅಣ್ಣ ಆ ಶರ್ಟನ್ನ ನೋಡಿದರು. ಬೆರಳ ಗೆಣ್ಣಲ್ಲಿ ಅದರ ಎದೆಗೆ ತಟ್ಟಿದರು, ಟಕಟಕ ಅಂತು. ಅಷ್ಟೇ, ನಗು ಶುರುವಾಯಿತು. ಮೊದಲು ಸದ್ದಿಲ್ಲದೆ ಭುಜ ಕುಣಿಯಿತು, ಆಮೇಲೆ ಜಗುಲಿ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಮೇಲಿನ ಸಿಟ್ಟು ಮರೆತು ನನ್ನ ತೊಡೆಗೆ ಹೊಡೆದು ಹೊಡೆದು ನಕ್ಕರು. ನಾನೂ ನಕ್ಕೆ. ತಲೆ ಎತ್ತಿ ನೋಡಿದರೆ ಅಕ್ಕ ನಗ್ತಿಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು, 'ನಂಗೇನ್ ಗೊತ್ತಪ್ಪ, ನಿಮ್ ಬಟ್ಟೆ ಬರೆ' ಅಂತ ಮೆಲ್ಲಗೆ ಅಂದು, ಶರ್ಟು ಎತ್ತಿಕೊಂಡು ಒಳಗೆ ಹೋಗೋಕೆ ತಿರುಗಿದರು.

ಅಣ್ಣನ ನಗು ನಿಂತಿತು. ಎದ್ದು ಹೋಗಿ ಅಕ್ಕನ ಕೈಯಿಂದ ಶರ್ಟು ಇಸಿದುಕೊಂಡರು.

'ತಣ್ಣೀರಲ್ಲಿ ನೆನೆಹಾಕಿದ್ರೆ ಗಂಜಿ ಬಿಡ್ತೈತೆ ಅಕ್ಕಾ. ನಾನೇ ತೊಳಿತೀನಿ, ಕೊಡು' ಅಂದರು.

'ಒಣಗಕ್ಕೆ ನಾಳೆ ಆಯ್ತೈತೆ' ಅಂದರು ಅಕ್ಕ.

'ಆಗ್ಲಿ. ಒಣಗೋಗಂಟ ಇರ್ತೀನಿ.'

ಹೊಸಿಲು ದಾಟಿ ಒಳಗೆ ಹೋಗಿ ಬಕೆಟ್ ಹುಡುಕಿದರು. ನಾನೂ ಡ್ರೈವರೂ ಜೀಪು ತಿರುಗಿಸಿಕೊಂಡು ಲಾಡ್ಜಿಗೆ ಬಂದೆವು. ಹೊರಡೋವಾಗ ನೋಡಿದರೆ ಅಣ್ಣ ಪಂಚೆ ಎತ್ತಿ ಕಟ್ಟಿ, ಬಕೆಟ್ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಅಕ್ಕ ಪಕ್ಕದಲ್ಲಿ ನಿಂತು, ಅಂಗಲ್ಲ ಇಂಗೆ ಅಂತ ತಿದ್ದುತ್ತಿದ್ದರು.

ಮಾರನೇ ದಿನ ಎಂಟು ಗಂಟೆಗೆ ಕರೆದುಕೊಂಡು ಬರೋಕೆ ಹೋದೆ. ಅಣ್ಣ ನೀಲಿ ಶರ್ಟು ಹಾಕಿಕೊಂಡು ಸಿದ್ಧವಾಗಿದ್ದರು, ಅಂಚಲ್ಲಿ ಗಂಜಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಜೀಪಲ್ಲಿ ಮುಂದೆ ಕೂತರು. ನಿದ್ದೆ ಬಂತಾ ಅಣ್ಣಾ ಅಂದೆ. ಬಂತು ಅಂದರು, ಕನ್ನಡದಲ್ಲಿ, ಡ್ರೈವರ್ ಇದ್ದಾಗಲೇ. ಒಂದು ಮೈಲಿ ಹೋದ ಮೇಲೆ ತಾವಾಗೇ ಶುರು ಮಾಡಿದರು.

ಸಂಜೆ ಗುಡ್ಡದ ಆಚೆಯಿಂದ ಮಂದೆ ಬಂತಂತೆ. ಎಪ್ಪತ್ತು, ಎಂಬತ್ತು ಕುರಿ. ಇಷ್ಟೊಂದು ಎಲ್ಲಿದ್ವು, ನಾನು ಬಂದಾಗ ಒಂದೂ ಇರಲ್ಲವಲ್ಲ ಅಂತ ಅಕ್ಕನ ಮಗನನ್ನ ಕೇಳಿದ್ದಾರೆ. ಅವನು ನಕ್ಕು, ನೀವು ಬರೋ ದಿನ ಅಮ್ಮ ಬೆಳಕು ಹರಿಯೋ ಮುಂಚೇನೇ ಆಚೆ ಗುಡ್ಡಕ್ಕೆ ಅಟ್ಟಿಸ್ತಾಳೆ ಮಾಮಾ ಅಂದಿದ್ದಾನೆ. ಕುರಿ ಹಟ್ಟಿಯನ್ನೂ ಮನೆ ಪಕ್ಕದಿಂದ ಕಿತ್ತು ಆ ಕಡೆಗೆ ಹಾಕಿಸಿದ್ದಾರಂತೆ, ಎಷ್ಟೋ ವರ್ಷ ಆಯಿತಂತೆ. ಅಂಗಳಕ್ಕೆ ಎರಡು ಸಲ ಸಗಣಿ ಸಾರಿಸಿ, ತಾವು ತಲೆಗೆ ಸೀಗೆಪುಡಿ ಹಾಕಿ ಮಿಂದು, ಮಡಿ ಸೀರೆ ಉಟ್ಟು, ತಮ್ಮ ಬಂದರೆ ದೂರ ಬಿಟ್ಟು ಕೂರ್ತಿದ್ದರಂತೆ.

'ನಾನು ಯಾವತ್ತೂ ಅವಳಿಗೆ ಯೋಳಿಲ್ಲ ಕಣೋ. ಒಂದಿನ ಮೂಗು ಮುಚ್ಚಿಲ್ಲ. ಆದ್ರೂ ಅವಳಿಗೆ ಗೊತ್ತಿತ್ತು' ಅಂದರು ಅಣ್ಣ. 'ನನ್ನ ಒಬ್ರು ಆಚೆ ಕೂರಿಸಿದ್ರು ಅಂತ ಇಷ್ಟು ವರ್ಷ ಅತ್ಕೊಂಡಿದ್ದೆ. ನಾನು ಅವಳನ್ನ ಅವಳ ಮನೇಲೇ ಆಚೆ ಕೂರಿಸಿದ್ದೆ.'

ನಾವು ಬರೋ ದಿನ ಅಕ್ಕನಿಗೆ ಗೊತ್ತಾಗ್ತಿದ್ದದ್ದು ನನ್ನಿಂದ. ಪಾಪ, ಮನೆಯಲ್ಲಿ ಇರಲಿ ಅಂತ ಪ್ರತಿ ತಿಂಗಳೂ 'ನಾಳೆ ಬರ್ತೀವಿ ಅಕ್ಕಾ' ಅಂತ ಫೋನ್ ಮಾಡ್ತಿದ್ದವನು ನಾನೇ. ಅದನ್ನ ಹೇಳಿದೆ. ಅಣ್ಣ ಮುಖ ಒರೆಸಿಕೊಂಡು, 'ಮುಂದಿನ ತಿಂಗಳಿಂದ ಮಾಡ್ಬೇಡ' ಅಂದರು.

ಮಾಡಲಿಲ್ಲ. ಆಗಸ್ಟಲ್ಲಿ ಹೇಳದೆ ಕೇಳದೆ ಹೋದೆವು. ತಿರುವಿನಲ್ಲೇ ಗಾಳಿಯಲ್ಲಿ ಕುರಿ ವಾಸನೆ ಬಂತು, ಹೂಂ, ಜೋರಾಗೇ ಬಂತು. ಅಂಗಳದ ತುಂಬ ಕುರಿ, ಜಗುಲಿ ಮೇಲೂ ಎರಡು ಮರಿ. ಜೀಪಿನ ಸದ್ದಿಗೆ ಅಕ್ಕ ಈಚೆ ಬಂದು, ನಮ್ಮನ್ನ ಕಂಡು ಗಾಬರಿಯಾಗಿ, ಕೆದರಿದ ತಲೆಯಲ್ಲೇ ಕೋಲು ಹುಡುಕಿಕೊಂಡು, ಹೋಯ್ ಹೋಯ್ ಅಂತ ಕುರಿಗಳನ್ನ ಆಚೆಗೆ ಅಟ್ಟತೊಡಗಿದರು. 'ಒಂದ್ ಗಳಿಗೆ ಅಲ್ಲೇ ಇರ್ಲಾ ತಮ್ಮಾ, ಓಡಿಸ್ಬಿಡ್ತೀನಿ' ಅಂತ ಕೂಗಿದರು.

ಅಣ್ಣ ಜೀಪಿನಿಂದ ಇಳಿದು ಕುರಿಗಳ ಮಧ್ಯೆಯೇ ನಡೆದು ಹೋದರು. ಅವು ಅವರ ಮೊಣಕಾಲಿಗೆ, ಶರ್ಟಿಗೆ ಉಜ್ಜಿಕೊಂಡು ದಾರಿ ಬಿಟ್ಟವು. ಹೋಗಿ ಅಕ್ಕನ ಕೈಯಲ್ಲಿದ್ದ ಕೋಲು ಹಿಡಿದುಕೊಂಡರು.

'ಇಲ್ಲೇ ಇರ್ಲಿ ಬುಡಕ್ಕಾ' ಅಂದರು. 'ಅವುಗಳ ಮನೆ ತಾನೇ.'